ಗುಡ್ಡದ ಮೇಲೆ ಗಾಳಿ, ಬೋರಿನೊಳಗೆ ಕರೆಂಟು

ಆಷಾಢ ಹಿಡಿಯಿತೆಂದರೆ ಚಿತ್ರದುರ್ಗದ ಬೀದಿಗಳಲ್ಲಿ ಮಾತಿಗೆ ನಿಂತವರು ಗಾಳಿಗೆ ಬೆನ್ನು ಕೊಟ್ಟೇ ನಿಲ್ಲುತ್ತಾರೆ. ಪಶ್ಚಿಮ ಘಟ್ಟದ ಮೇಲೆ ನೀರನ್ನೆಲ್ಲ ಸುರಿದು ಬಂದ ಮುಂಗಾರಿನ ಮೋಡ ನಮ್ಮ ಕಡೆ ದಾಟುವಾಗ ಬರಿದಾಗಿರುತ್ತದೆ. ಅದನ್ನು ಹೊತ್ತು ತಂದ ಗಾಳಿಯ ಕಸುವು ಮಾತ್ರ ಕುಗ್ಗಿರುವುದಿಲ್ಲ. ಮಲೆನಾಡಿಗೆ ಮಳೆ, ನಮಗೆ ಗಾಳಿ. ಹೊಳಲ್ಕೆರೆಯಿಂದ ಹಿರಿಯೂರಿನತ್ತ ಪೂರ್ವಕ್ಕೆ ಹೋದಷ್ಟೂ ಹೊಲದ ಹಸಿರು ತೆಳುವಾಗುತ್ತ, ಜಾಲಿಯ ಗಿಡ ಹೆಚ್ಚುತ್ತ ಹೋಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಈ ಗಾಳಿಗೆ ಅಡ್ಡವಾಗಿ ಒಂದು ಗುಡ್ಡಸಾಲು ಮಲಗಿದೆ. ಜಿಲ್ಲೆಯನ್ನು ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುವ ಈ ಸಾಲಿನಲ್ಲೇ ಜೋಗಿಮಟ್ಟಿ ಇದೆ. ಇದೇ ಸಾಲನ್ನು ಕೊರೆದುಕೊಂಡು ವೇದಾವತಿ ಪೂರ್ವಕ್ಕೆ ಹರಿದ ಕಣಿವೆಯಲ್ಲಿ ಮಾರಿಕಣಿವೆ ಅಣೆಕಟ್ಟೆ ಇದೆ. ನೈಋತ್ಯದಿಂದ ಬೀಸುವ ಗಾಳಿ ಗುಡ್ಡಕ್ಕೆ ತಾಗಿ ಮೇಲೇರುವಾಗ ಇಕ್ಕಟ್ಟಾಗಿ ನೆತ್ತಿಯ ಮೇಲೆ ವೇಗ ಪಡೆಯುತ್ತದೆ. ಗಾಳಿಯಂತ್ರಕ್ಕೆ ಬೇಕಾದದ್ದು ಅದೇ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಬಯಲಲ್ಲಿ ಮಂದವಾಗಿ ತಿರುಗುವ ರೆಕ್ಕೆ ಗುಡ್ಡದ ನೆತ್ತಿಯಲ್ಲಿ ಭರ್ತಿ ಕೆಲಸ ಮಾಡುವುದು ಇದೇ ಕಾರಣಕ್ಕೆ. ಜೋಗಿಮಟ್ಟಿಯ ಸುತ್ತ, ಹೊಸದುರ್ಗದ ಗುಡ್ಡಗಳ ಮೇಲೆ, ಹೊಳಲ್ಕೆರೆ ತಾಲ್ಲೂಕಿನ ತುಪ್ಪದಹಳ್ಳಿಯ ಕಡೆ ಸಾಲುಸಾಲಾಗಿ ಎದ್ದ ಬಿಳಿಯ ಕಂಬಗಳನ್ನು ಊರಿನವರು ಸರಳವಾಗಿ ಫ್ಯಾನು ಎನ್ನುತ್ತಾರೆ. ತುಪ್ಪದಹಳ್ಳಿಯದೊಂದೇ 56.1 ಮೆಗಾವ್ಯಾಟ್‌ನ ಯೋಜನೆ. ಸ್ಪೇನ್ ದೇಶದ ಆಕ್ಸಿಯೋನಾ ಕಂಪನಿ ಅಲ್ಲಿ 1.65 ಮೆಗಾವ್ಯಾಟ್‌ನ 34 ಯಂತ್ರಗಳನ್ನು ನಿಲ್ಲಿಸಿತು. ಹೆದ್ದಾರಿಯಲ್ಲಿ ಉದ್ದನೆಯ ಲಾರಿಯ ಮೇಲೆ ಒಂದೇ ಒಂದು ರೆಕ್ಕೆ ಮಲಗಿ ಸಾಗುವುದನ್ನು ಹಿರಿಯೂರಿನ ಮಕ್ಕಳು ಈಗ ತಿರುಗಿಯೂ ನೋಡುವುದಿಲ್ಲ, ಅಷ್ಟು ರೂಢಿಯಾಗಿದೆ.

ಇಡೀ ರಾಜ್ಯದ ಲೆಕ್ಕದಲ್ಲೂ ಗಾಳಿಯ ಪಾಲು ದೊಡ್ಡದೇ. 2024-25ರಲ್ಲಿ ಕರ್ನಾಟಕ 1,331 ಮೆಗಾವ್ಯಾಟ್‌ನಷ್ಟು ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿ ಆ ವರ್ಷ ದೇಶದಲ್ಲೇ ಮೊದಲ ಸ್ಥಾನಕ್ಕೆ ಬಂತು. ತಮಿಳುನಾಡು, ಗುಜರಾತ್ ಎರಡೂ ಆ ವರ್ಷ ಹಿಂದೆ ಬಿದ್ದವು. ಇದರಲ್ಲಿ ನಮ್ಮ ಮಧ್ಯ ಕರ್ನಾಟಕದ ಗುಡ್ಡಗಳ ಕೊಡುಗೆ ಇದೆ ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ.

ಆದರೆ ಫ್ಯಾನಿನ ಬುಡದಲ್ಲಿ ನಿಂತ ರೈತ ಕೇಳುವ ಪ್ರಶ್ನೆ ಬೇರೆ. ನಮ್ಮ ಗುಡ್ಡದ ಮೇಲೆ ಇಷ್ಟು ಕರೆಂಟು ಹುಟ್ಟುತ್ತದೆ, ನಮ್ಮ ತೋಟಕ್ಕೆ ಯಾಕೆ ಏಳೇ ಗಂಟೆ, ಅದೂ ಯಾವಾಗಲೋ? ಈ ಪ್ರಶ್ನೆಗೆ ಎಂಜಿನಿಯರರ ಉತ್ತರ ಸುಲಭದ್ದು. ಕರೆಂಟು ಹುಟ್ಟಿದ ಊರಲ್ಲೇ ಉಳಿಯುವುದಿಲ್ಲ. ಗುಡ್ಡದಿಂದ ಸ್ಟೇಷನ್ನಿಗೆ, ಅಲ್ಲಿಂದ ಹಿರಿಯೂರಿನಲ್ಲಿರುವಂಥ 400 ಕಿಲೋವೋಲ್ಟ್‌ನ ದೊಡ್ಡ ಸ್ಟೇಷನ್ನುಗಳಿಗೆ, ಅಲ್ಲಿಂದ ಇಡೀ ರಾಜ್ಯದ ಜಾಲಕ್ಕೆ ಸೇರಿಹೋಗುತ್ತದೆ. ತಾಂತ್ರಿಕವಾಗಿ ಸರಿ. ಆದರೂ ಆ ರೈತನ ಪ್ರಶ್ನೆಯನ್ನು ಅಲ್ಲಿಗೇ ಬಿಡಲು ನನಗೆ ಮನಸ್ಸಾಗುವುದಿಲ್ಲ. ಏಕೆಂದರೆ ಈ ಜಿಲ್ಲೆಯಲ್ಲಿ ಕರೆಂಟಿನ ಕಥೆ ಎಲ್ಲಿಂದ ಶುರುವಾದರೂ ಬೋರಿನ ಬಾಯಿಗೇ ಬಂದು ನಿಲ್ಲುತ್ತದೆ. ಇಲ್ಲಿ ವಿದ್ಯುತ್ ಉಳಿಸುವುದೆಂದರೆ ಮೊದಲು ನೀರು ಉಳಿಸುವುದು. ಮನೆಯ ದೀಪ, ಫ್ಯಾನು, ಮಿಕ್ಸಿ ಎಲ್ಲ ಆಮೇಲೆ.

ಒಂದು ಮೋಟಾರಿನ ಲೆಕ್ಕ

ಮಾತಿಗೆ ಒಂದು ಲೆಕ್ಕ ಹಾಕೋಣ. 10 ಎಚ್‌ಪಿ ಮೋಟಾರು ಎಂದರೆ ಏಳೂವರೆ ಕಿಲೋವ್ಯಾಟ್. ತ್ರೀ ಫೇಸ್ ಇರುವ ಏಳು ಗಂಟೆ ಅದು ಓಡಿದರೆ 52 ಯೂನಿಟ್ ಖರ್ಚು. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದಾಗ ರಾಜ್ಯದ ಮನೆಗಳ ಸರಾಸರಿ ಬಳಕೆ ತಿಂಗಳಿಗೆ 53 ಯೂನಿಟ್ ಎಂದು ಸರ್ಕಾರ ಹೇಳಿತ್ತು. ಅಂದರೆ ಒಂದು ಸಾಧಾರಣ ಮನೆ ಇಡೀ ತಿಂಗಳು ಉರಿಸುವಷ್ಟನ್ನು ತೋಟದ ಮೋಟಾರು ಒಂದೇ ದಿನದಲ್ಲಿ ಕುಡಿಯುತ್ತದೆ. ಮನೆಯಲ್ಲಿ ಬಲ್ಬು ಆರಿಸಿದೆಯಾ ಎಂದು ಮಕ್ಕಳನ್ನು ಗದರುವ ನಾವು ತೋಟದ ಆಟೋ ಸ್ಟಾರ್ಟರನ್ನು ಮರೆತುಬಿಡುತ್ತೇವೆ.

ಹೊಸದುರ್ಗ, ಹೊಳಲ್ಕೆರೆ ಕಡೆ ಬೋರು ಎಷ್ಟು ಅಡಿ ಎಂದು ಕೇಳಿದರೆ ಈಗ ಆರುನೂರು, ಎಂಟುನೂರು ಎಂಬ ಉತ್ತರ ಮಾಮೂಲು. ನೀರು ಎಷ್ಟು ಬಿತ್ತು ಎಂದರೆ ಒಂದೂವರೆ ಇಂಚು, ಎರಡು ಇಂಚು. ಎಂಟುನೂರು ಅಡಿ ಆಳದಿಂದ ಒಂದು ಸಾವಿರ ಲೀಟರ್ ನೀರನ್ನು ಮೇಲೆತ್ತಲು ಭೂಮಿಯ ಸೆಳೆತದ ವಿರುದ್ಧ ಬೇಕಾಗುವ ಶಕ್ತಿಯೇ ಯೂನಿಟ್ಟಿನ ಮೂರನೇ ಎರಡು ಭಾಗದಷ್ಟು. ಹಳೆಯ ಪಂಪು, ರೀವೈಂಡ್ ಮಾಡಿಸಿದ ಮೋಟಾರು, ಕಿರಿದಾದ ಪೈಪು ಎಲ್ಲ ಸೇರಿ ನೂರಕ್ಕೆ ನಲವತ್ತರಷ್ಟು ಮಾತ್ರ ಕೆಲಸಕ್ಕೆ ಬಂತೆಂದಿಟ್ಟುಕೊಂಡರೆ ಖರ್ಚು ಒಂದೂವರೆ ಯೂನಿಟ್ ಮೀರುತ್ತದೆ. ನಮ್ಮ ನೀರು ಅಷ್ಟು ತೂಕದ್ದು.

ಈಗ ಅಡಿಕೆಗೆ ಬನ್ನಿ. ಒಂಬತ್ತು ಅಡಿಗೊಂದು ಗಿಡ ಇಟ್ಟರೆ ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್‌ವರೆಗೆ ಸಾಕು ಎನ್ನುವುದು ತೋಟದ ಬೆಳೆಯ ಸಂಶೋಧಕರ ಶಿಫಾರಸು. ಆ ಲೆಕ್ಕಕ್ಕೆ ಎಕರೆಗೆ 11 ಸಾವಿರ ಲೀಟರ್, ನಮ್ಮ ಎಂಟುನೂರು ಅಡಿ ಬೋರಿನಲ್ಲಿ ಸುಮಾರು 18 ಯೂನಿಟ್. ಅದೇ ತೋಟಕ್ಕೆ ನಾಲ್ಕು ದಿನಕ್ಕೊಮ್ಮೆ ಪಾತಿ ತುಂಬ ಮರಕ್ಕೆ 175 ಲೀಟರ್ ಹಾಯಿಸಿದರೆ ದಿನದ ಸರಾಸರಿ 24 ಸಾವಿರ ಲೀಟರ್, 40 ಯೂನಿಟ್. ದಿನಕ್ಕೆ 22 ಯೂನಿಟ್ ವ್ಯತ್ಯಾಸ. ನಾಲ್ಕು ತಿಂಗಳ ಬೇಸಿಗೆಯಲ್ಲಿ ಇದು ಎರಡೂವರೆ ಸಾವಿರ ಯೂನಿಟ್ ದಾಟುತ್ತದೆ. ತಾರಸಿಯ ಮೇಲೆ ಕೂರಿಸಿದ ಎರಡು ಕಿಲೋವ್ಯಾಟ್ ಸೋಲಾರ್ ಫಲಕ ಇಡೀ ವರ್ಷ ಬಿಸಿಲುಂಡು ಕೊಡುವುದೂ ಹತ್ತಿರ ಹತ್ತಿರ ಅಷ್ಟೇ. ಡ್ರಿಪ್ ಪೈಪಿನ ಜೊತೆಗೆ ಮರದ ಬುಡಕ್ಕೆ ತೆಂಗಿನ ಗರಿ, ಅಡಿಕೆ ಸೋಗೆ, ಸಿಪ್ಪೆ ಮುಚ್ಚಿದರೆ ಇನ್ನೂ ಉಳಿಯುತ್ತದೆ. ಈ ಮುಚ್ಚಿಗೆಗೆ ಸಬ್ಸಿಡಿಯೂ ಬೇಡ, ಅರ್ಜಿಯೂ ಬೇಡ.

ಇಷ್ಟಾದರೂ ರೈತನಿಗೆ ಬಿಲ್ಲು ಬರುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ ಉಚಿತ. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕಿದ ಪಂಪ್‌ಸೆಟ್‌ಗಳಿವೆ, ಮಾರಾಟವಾಗುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅವಕ್ಕೇ ಹೋಗುತ್ತದೆ. ಆ ಸೌಲಭ್ಯವನ್ನು ಕಿತ್ತುಕೊಳ್ಳಬೇಕು ಎನ್ನುವವರ ಜೊತೆ ನಾನಿಲ್ಲ. ಮಳೆ ಕೈಕೊಡುವ ನಾಡಿನಲ್ಲಿ ಅದು ಬದುಕಿನ ಆಸರೆ. ಆದರೆ ಬಿಲ್ಲು ಬಾರದ ಮಾತ್ರಕ್ಕೆ ಬೆಲೆ ತೆರುತ್ತಿಲ್ಲ ಎಂದೇನಿಲ್ಲ. ರಾತ್ರಿ ಎರಡಕ್ಕೆ ಕರೆಂಟು ಬಂದ ಕ್ಷಣ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎಳೆದುಕೊಂಡು ವೋಲ್ಟೇಜ್ ಬೀಳುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ತೋಟ ಒಣಗುತ್ತದೆ, ಮೋಟಾರಿನ ಕಾಯಿಲ್ ಹೋಗುತ್ತದೆ, ಅದನ್ನು ಎತ್ತಿಸಿ ಇಳಿಸುವುದಕ್ಕೆ ಸಾವಿರಗಟ್ಟಲೆ ಬೀಳುತ್ತದೆ. ಕೊನೆಗೆ ಬೋರೇ ಬತ್ತಿ ಪಕ್ಕದಲ್ಲೇ ಇನ್ನೊಂದು ಕೊರೆಸುವಾಗ ಲಕ್ಷಗಟ್ಟಲೆ ಸಾಲ. ಉಚಿತ ವಿದ್ಯುತ್ತಿನ ಬಿಲ್ಲು ನಮ್ಮ ರೈತರಿಗೆ ಬೋರ್‌ವೆಲ್ ಲಾರಿಯವರ ಕೈಯಲ್ಲಿ ಬರುತ್ತದೆ. ಸಣ್ಣದೊಂದು ಕೆಪಾಸಿಟರ್ ಹಾಕಿಸುವುದು, ನೀರಿನ ಇಳುವರಿಗೆ ತಕ್ಕ ಎಚ್‌ಪಿಯ ಮೋಟಾರನ್ನೇ ಇಳಿಸುವುದು, ಆಟೋ ಸ್ಟಾರ್ಟರ್ ತೆಗೆದು ಮೊಬೈಲಿನಿಂದ ಹಚ್ಚಿ ಆರಿಸುವ ಸ್ಟಾರ್ಟರ್ ಹಾಕುವುದು, ಇಂಥ ಪುಟ್ಟ ಕೆಲಸಗಳು ಫ್ಯಾನಿನಷ್ಟು ದೂರಕ್ಕೆ ಕಾಣುವುದಿಲ್ಲ, ಅಷ್ಟೆ.

ಕರೆಂಟಿಲ್ಲದೆ ಹರಿದ ನೀರು

ಈ ಮಾತು ಹೇಳುವಾಗ ಮಾರಿಕಣಿವೆಯನ್ನು ನೆನೆಯದಿರಲು ಆಗುವುದಿಲ್ಲ. ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಈ ಅಣೆಕಟ್ಟೆಗೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಮೂವತ್ತು ಟಿಎಂಸಿ ನೀರು ಹಿಡಿಯುವ ಕೆರೆ. ಹಿರಿಯೂರಿನ ತೆಂಗಿನ ತೋಟಗಳಿಗೆ ಅದರ ನಾಲೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ, ಒಂದು ಯೂನಿಟ್ಟೂ ಬೇಡದೆ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಆ ಭಾಗ್ಯ ಬಂದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಆಗ ಅಲ್ಲಿ ನೆರೆದ ಜನ ಜಾತ್ರೆಯಂತೆ ಇದ್ದರು. 2025ರ ಜನವರಿಯಲ್ಲಿ ಮೂರನೆಯ ಬಾರಿ ತುಂಬಿತು.

ನಡುವಿನ ಬರಗಾಲದ ವರ್ಷಗಳಲ್ಲಿ ಕೆರೆ ತಳ ಕಂಡಾಗ ಹಿರಿಯೂರಿನ ಸುತ್ತ ತೆಂಗಿನ ಮರಗಳು ಸುಳಿ ಒಣಗಿ ನಿಂತವು. ನಾಲೆ ನಂಬಿದ್ದವರು ಬೋರಿಗೆ ಹೋದರು. ಇಳಿಜಾರಿನ ನೀರು ಹೋಗಿ ಎತ್ತುವ ನೀರು ಬಂತು. ಒಂದು ತಾಲ್ಲೂಕಿನ ವಿದ್ಯುತ್ ಬೇಡಿಕೆ ಹೀಗೆ ಏರುತ್ತದೆ. ಕೆರೆಯ ಹೂಳೆತ್ತುವುದು, ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟುವುದು, ಹೊಲದ ಬದು ಹಾಕುವುದು ಇವನ್ನು ನಾವು ಕೃಷಿ ಇಲಾಖೆಯ ಕಡತದಲ್ಲಿ ಇಟ್ಟಿದ್ದೇವೆ. ನನ್ನ ಮಟ್ಟಿಗೆ ಅವು ಇಂಧನ ಇಲಾಖೆಯ ಕೆಲಸವೂ ಹೌದು. ಅಂತರ್ಜಲ ನೂರು ಅಡಿ ಮೇಲೆ ಬಂದರೆ ಆ ಬೋರಿನ ಪ್ರತಿ ಸಾವಿರ ಲೀಟರ್‌ಗೆ ಯೂನಿಟ್ಟಿನ ಐದನೇ ಒಂದು ಭಾಗದಷ್ಟು ಉಳಿಯುತ್ತದೆ, ವರ್ಷವಿಡೀ, ಯಾರೂ ಸ್ವಿಚ್ ಆರಿಸದೆ.

ನೀರು, ಇಂಧನ ಎರಡನ್ನೂ ಒಂದೇ ಗಂಟು ಎಂದು ಕನ್ನಡ ನಾಡಿನಲ್ಲಿ ಗಂಭೀರವಾಗಿ ಹೇಳಿದವರು ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಅವರು 1974ರಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಪ್ರಯೋಗದ ಊರಾಯಿತು. ಕಡಿಮೆ ಸೌದೆಯಲ್ಲಿ ಮೂರು ಪಾತ್ರೆ ಕಾಯುವ, ಹೊಗೆಯನ್ನು ಕೊಳವೆಯಲ್ಲಿ ಹೊರಕ್ಕೆ ಕಳಿಸುವ ಅಸ್ತ್ರ ಒಲೆ ಅಲ್ಲಿಂದಲೇ ರಾಜ್ಯಕ್ಕೆಲ್ಲ ಹರಡಿತು. ನಮ್ಮ ಜಿಲ್ಲೆಯ ಎಷ್ಟೋ ಅಡುಗೆಮನೆಗಳಲ್ಲಿ ಅದರ ಹೆಸರು ಗೊತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ.

ಅದೇ ಕುಣಿಗಲ್ ಸೀಮೆಯ ಪುರ ಎಂಬ ಪುಟ್ಟ ಹಳ್ಳಿಯ ಕಥೆ ನಮಗೆ ಹತ್ತಿರದ್ದು. ಊರಿನ ಸಗಣಿಯನ್ನೆಲ್ಲ ಒಟ್ಟು ಮಾಡಿ ಗೋಬರ್ ಗ್ಯಾಸ್ ಘಟಕ ಹಾಕಿ ಎಲ್ಲ ಮನೆಗೆ ಅಡುಗೆ ಅನಿಲ ಕೊಡಬೇಕೆಂಬುದು ಅಸ್ತ್ರದವರ ಮೊದಲ ಯೋಜನೆ. ಸಗಣಿ ಸಾಲಲಿಲ್ಲ, ಯೋಜನೆ ನಿಂತಿತು. ಊರಿನವರಿಗೆ ಹೆಚ್ಚು ಬೇಕಾಗಿದ್ದದ್ದು ಕುಡಿಯುವ ನೀರು, ಅದರ ಹಿಂದೆ ದೀಪ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಬೋರಿನ ನೀರೆತ್ತಿ ಮನೆಮನೆಗೆ ನಲ್ಲಿ, ಸಂಜೆಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ವಾಪಸು, ಮೇಲೆ ಸಣ್ಣ ಕೂಲಿ. ಆ ವ್ಯವಸ್ಥೆ ವರ್ಷಗಳ ಕಾಲ ನಡೆಯಿತು. ಜನ ಕೇಳುವುದು ಕಿಲೋವ್ಯಾಟನ್ನಲ್ಲ, ಅದರಿಂದ ಆಗುವ ಕೆಲಸವನ್ನು, ಎಂಬುದು ರೆಡ್ಡಿಯವರ ಚಿಂತನೆಯ ತಿರುಳು. 1990ರ ಹೊತ್ತಿಗೆ ಅವರೂ ಸಂಗಡಿಗರೂ ಕರ್ನಾಟಕಕ್ಕಾಗಿ ಒಂದು ವಿದ್ಯುತ್ ಯೋಜನೆ ಬರೆದು, ನೀರು ಕಾಯಿಸಲು ಬಿಸಿಲು, ಸುಧಾರಿತ ಪಂಪು, ಕಡಿಮೆ ಉಣ್ಣುವ ದೀಪ ಇವುಗಳಿಂದಲೇ ಸರ್ಕಾರದ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ರಾಜ್ಯ ನಡೆಯಬಹುದು ಎಂದು ಲೆಕ್ಕ ಕೊಟ್ಟರು. ಆ ಪಟ್ಟಿಯಲ್ಲಿದ್ದ ದೀಪ ಬದಲಾಗಿದೆ, ಬಿಸಿಲಿನ ಹೀಟರ್ ಬಂದಿದೆ. ಪಂಪಿನ ಕೆಲಸ ಮಾತ್ರ ಹಾಗೆಯೇ ಬಾಕಿ ನಿಂತಿದೆ.

ಬಚ್ಚಲಿನಿಂದ ಶುರು

ಮನೆಯೊಳಗಿನ ಉಳಿತಾಯಕ್ಕೆ ಬಂದರೆ ನಾನು ಬಚ್ಚಲಿನಿಂದ ಶುರು ಮಾಡುತ್ತೇನೆ. ದುರ್ಗದ ಚಳಿಗಾಲದ ಬೆಳಗಿಗೆ ಬಿಸಿನೀರು ಬೇಕೇ ಬೇಕು. ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಕರಟ, ಜೋಳದ ದಂಟು ಹಾಕುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ. ತೋಟದ ಕಸ ಉರಿದು ಬೂದಿ ತಿಪ್ಪೆಗೆ ಹೋಗುವ ಆ ಪದ್ಧತಿಯನ್ನು ಹೊಗೆಗೊಂದು ದಾರಿ ಮಾಡಿಟ್ಟುಕೊಂಡು ಮುಂದುವರಿಸಿದರೆ ನನಗೇನೂ ತಕರಾರಿಲ್ಲ. ಪೇಟೆಯಲ್ಲಿ ಮಾತ್ರ ಗೀಸರ್, ಇಲ್ಲವೇ ಬಕೆಟ್ಟಿಗೆ ಇಳಿಬಿಡುವ ಕಾಯಿಲ್. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್; ನಾಲ್ವರ ಮನೆಯಲ್ಲಿ ಬೆಳಗಿನ ಸ್ನಾನವೊಂದೇ ತಿಂಗಳಿಗೆ ಐವತ್ತು ಅರವತ್ತು ಯೂನಿಟ್ ನುಂಗಬಲ್ಲುದು. ಎಲ್ಲ ಮನೆಯವರೂ ಒಂದೇ ಹೊತ್ತಿಗೆ ಹಚ್ಚುವುದರಿಂದ ಬೆಳಗಿನ ಆರರಿಂದ ಒಂಬತ್ತರವರೆಗೆ ಜಾಲದ ಮೇಲೆ ಬೀಳುವ ಭಾರವೂ ಬಹಳ.

ತಾರಸಿಯ ಮೇಲಿನ ಸೋಲಾರ್ ಹೀಟರ್ ಈ ರಾಜ್ಯದ ದೊಡ್ಡ ಯಶಸ್ಸು. 2007ರಲ್ಲಿ ಹೊಸ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದರು, ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ಬೇರೆಯ ಕಷ್ಟ ಇದೆ. ಬೋರಿನ ಗಡಸು ನೀರು ಕಾದಾಗ ಸುಣ್ಣ ಬಿಡುತ್ತದೆ, ಕೊಳವೆಯೊಳಗೆ ಪದರ ಕಟ್ಟುತ್ತದೆ, ಎರಡು ಮೂರು ವರ್ಷದಲ್ಲಿ ನೀರು ಬೆಚ್ಚಗಾಗುವುದು ನಿಲ್ಲುತ್ತದೆ. ಆಗ ಸೋಲಾರೇ ಸರಿಯಿಲ್ಲ ಎಂದು ಗೀಸರ್ ತರುತ್ತಾರೆ. ಹಾಗಾಗಬಾರದೆಂದರೆ ಕೊಳ್ಳುವಾಗಲೇ ಗಡಸು ನೀರಿಗೆ ತಕ್ಕ, ಕಾಯುವ ದ್ರವ ಬೇರೆ, ಸ್ನಾನದ ನೀರು ಬೇರೆ ಹರಿಯುವ ಬಗೆಯದನ್ನು ಕೇಳಬೇಕು; ವರ್ಷಕ್ಕೊಮ್ಮೆ ಕೊಳವೆಯ ಪದರ ತೆಗೆಸಬೇಕು; ಸಾಧ್ಯವಾದರೆ ಮಳೆನೀರಿನ ತೊಟ್ಟಿಯಿಂದ ಅದಕ್ಕೆ ನೀರು ಕೊಡಬೇಕು. ಇಲ್ಲಿಯೂ ನೀರೇ ಅಡ್ಡ ಬಂತು ನೋಡಿ.

ಆಮೇಲೆ ಸೀಲಿಂಗ್ ಫ್ಯಾನು. ಹಳೆಯದು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನು 30 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ಫ್ಯಾನೊಂದಕ್ಕೆ ತಿಂಗಳಿಗೆ 16 ಯೂನಿಟ್ ಉಳಿತಾಯ. 2023ರಿಂದ ಫ್ಯಾನಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಆ ಚೀಟಿ ನೋಡಬೇಕು. ಬಲ್ಬಿನ ಕೆಲಸ ಹೆಚ್ಚುಕಡಿಮೆ ಮುಗಿದಿದೆ: 2015ರಲ್ಲಿ ಶುರುವಾದ ಉಜಾಲಾ, ನಮ್ಮ ರಾಜ್ಯದ ಹೊಸ ಬೆಳಕು ಯೋಜನೆಗಳಿಂದ 60 ವ್ಯಾಟ್ ಬಲ್ಬಿನ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ ಬಂತು. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಸೂರು, ಅದರಲ್ಲೊಂದು ಬೆಳಕಿಂಡಿ ಇದ್ದು ಮಧ್ಯಾಹ್ನ ಫ್ಯಾನೂ ಬೇಡ, ದೀಪವೂ ಬೇಡ ಅನ್ನಿಸುತ್ತಿತ್ತು. ಈಗಿನ ಆರ್‌ಸಿಸಿ ತಾರಸಿಗೆ ಬೇಸಿಗೆಗೆ ಮೊದಲು ಸುಣ್ಣವನ್ನಾದರೂ ಬಳಿದರೆ ಒಳಗಿನ ಕಾವು ಎದ್ದುಕಾಣುವಷ್ಟು ಇಳಿಯುತ್ತದೆ.

ಗೃಹಜ್ಯೋತಿ ಬಂದ ಮೇಲೆ ಮನೆಯಲ್ಲಿ ಉಳಿಸುವ ಮನಸ್ಸು ಸಡಿಲಾಯಿತೇ? 2023ರ ಜುಲೈನಿಂದ, ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ ಮೀರದ ಮನೆಗೆ ಬಿಲ್ಲಿಲ್ಲ. ಬಡವರ ಮನೆಗೆ ಇದು ನಿಜವಾದ ನೆಮ್ಮದಿ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ತಾರಸಿಯ ಸೋಲಾರಿಗೆ ಅದು ತಡೆಯಾಗಿದೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30 ಸಾವಿರ, ಮೂರಕ್ಕೂ ಅದರ ಮೇಲಕ್ಕೂ 78 ಸಾವಿರ ರೂಪಾಯಿ ಸಹಾಯಧನ ಇದೆ. ಬಿಲ್ಲೇ ಬಾರದವನಿಗೆ ಫಲಕ ಯಾಕೆ ಬೇಕು? ಹಾಗಾಗಿ ತಾರಸಿಯ ಸೋಲಾರ್ 200 ಯೂನಿಟ್ ದಾಟುವ ಮನೆಗಳಿಗೆ, ಅಂಗಡಿಗೆ, ಕಲ್ಯಾಣಮಂಟಪಕ್ಕೆ, ಹಿಟ್ಟಿನ ಗಿರಣಿಗೆ ಸೂಕ್ತವೆಂದು ನನ್ನ ಅನಿಸಿಕೆ. ಕಿಲೋವ್ಯಾಟಿಗೆ ನೂರು ಚದರಡಿ ಜಾಗ, ದಿನಕ್ಕೆ ನಾಲ್ಕು ಯೂನಿಟ್. ನಮ್ಮ ಬಿಸಿಲಿಗೆ ಮೋಸವಿಲ್ಲ. ಸೋಲಾರ್ ಸಿರಿವಂತರದು ಎಂಬ ಮಾತನ್ನು ಸುಳ್ಳು ಮಾಡಿದ ಹರೀಶ್ ಹಂದೆಯವರೂ ನಮ್ಮವರೇ. 1995ರಲ್ಲಿ ಅವರು ಕಟ್ಟಿದ ಸೆಲ್ಕೊ ಸಂಸ್ಥೆ ಬೀದಿ ವ್ಯಾಪಾರಿಯ ದೀಪದಿಂದ ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಹೋಯಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಬಿಸಿಲಿಗೆ ಮೋಟಾರು ಕಟ್ಟಿದರೆ

ಗಾಳಿ ಮತ್ತು ಬೋರಿನ ನಡುವೆ ಒಂದು ಹೊಂದಾಣಿಕೆಯ ತೊಡಕಿದೆ. ನಮ್ಮ ಫ್ಯಾನುಗಳು ಭರದಿಂದ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತೋಟಕ್ಕೆ ನೀರು ಅತಿ ಹೆಚ್ಚು ಬೇಕಾಗುವುದು ಫೆಬ್ರುವರಿಯಿಂದ ಮೇವರೆಗೆ, ಗಾಳಿ ಸೋತು ಬಿಸಿಲು ಏರಿರುವಾಗ. ಹಾಗಾಗಿ ಪಂಪಿಗೆ ಸಹಜ ಜೊತೆ ಬಿಸಿಲು. ಪಿಎಂ ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ ಕೇಂದ್ರ ನೂರಕ್ಕೆ 30, ನಮ್ಮ ರಾಜ್ಯ 50 ಕೊಟ್ಟು ರೈತ 20 ಹಾಕಿದರೆ ಸೋಲಾರ್ ಪಂಪ್‌ಸೆಟ್ ಬರುತ್ತದೆ. ಲೈನಿನಿಂದ 500 ಮೀಟರ್‌ಗಿಂತ ದೂರದ ತೋಟಗಳಿಗೆ ಈಗ ಈ ದಾರಿಯನ್ನೇ ತೋರಿಸುತ್ತಾರೆ. ಕೇಂದ್ರದ ಸಹಾಯಧನದ ಲೆಕ್ಕ 7.5 ಎಚ್‌ಪಿಗೆ ನಿಲ್ಲುವುದರಿಂದ ಎಂಟುನೂರು ಅಡಿ ಬೋರಿನವರಿಗೆ ಇದು ಅಷ್ಟಾಗಿ ಒದಗುವುದಿಲ್ಲ. ಅವರಿಗೆ ‘ಸಿ’ ಭಾಗ ಹೆಚ್ಚು ಉಪಯೋಗ: ಊರ ಸ್ಟೇಷನ್ನಿನ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ, ಪಂಪುಗಳ ಫೀಡರಿಗೆ ಹಗಲಲ್ಲೇ ಕರೆಂಟು ಕೊಡುವುದು. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ತೋಟಕ್ಕೆ ಹೋಗುವುದು ತಪ್ಪಿದರೆ ಅದೊಂದೇ ಸಾಕು, ಯೋಜನೆ ಸಾರ್ಥಕ ಎನ್ನುತ್ತೇನೆ.

ಒಂದು ಎಚ್ಚರ ಬೇಕು. ಬಿಸಿಲಿಗೆ ಬಿಲ್ಲೂ ಇಲ್ಲ, ಸಮಯದ ಮಿತಿಯೂ ಇಲ್ಲವೆಂದು ಬೋರನ್ನು ದಿನವಿಡೀ ಬಿಟ್ಟರೆ ಅಂತರ್ಜಲ ಇನ್ನೂ ಬೇಗ ಬತ್ತುತ್ತದೆ. 2014ರಲ್ಲಿ ರಾಜ್ಯ ಘೋಷಿಸಿ ಕನಕಪುರದ ಹಾರೋಬೆಲೆ ಕಡೆ ಪ್ರಯೋಗಕ್ಕೆ ತಂದ ಸೂರ್ಯ ರೈತ ಯೋಜನೆಯಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು: ಪಂಪಿಗೆ ಬೇಕಾದದ್ದು ಬಳಸಿ ಉಳಿದ ಕರೆಂಟನ್ನು ರೈತ ವಿದ್ಯುತ್ ಕಂಪನಿಗೆ ಮಾರಬಹುದು. ನೀರು ಎತ್ತದಿದ್ದರೆ ದುಡ್ಡು ಬರುತ್ತದೆ ಎಂದಾದಾಗ ಕೈ ತಾನಾಗಿ ಸ್ವಿಚ್ಚಿನಿಂದ ಹಿಂದೆ ಸರಿಯುತ್ತದೆ. ಆ ಉಪಾಯವನ್ನು ಅಡಿಕೆ ಸೀಮೆಯಲ್ಲಿ ಮತ್ತೆ ಗಟ್ಟಿಯಾಗಿ ನಡೆಸಿ ನೋಡಬೇಕು.

ಸ್ವಚ್ಛ ವಿದ್ಯುತ್ತಿಗೂ ನೆಲ ಬೇಕು, ಅದನ್ನೂ ಹೇಳದೆ ಮುಂದೆ ಹೋಗಲಾರೆ. ನಮ್ಮ ನೆರೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹರಡಿದೆ. ಅಲ್ಲಿ ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಪಡೆದರು. ಜಮೀನಿನ ಒಡೆತನ ರೈತನಲ್ಲೇ ಉಳಿಯಿತು. ಒಡೆಯನಲ್ಲದ ಕೂಲಿಯವನಿಗೆ, ಕುರಿ ಮೇಯಿಸುವವನಿಗೆ ಆ ಗುತ್ತಿಗೆಯಲ್ಲಿ ಪಾಲಿರಲಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ದೊಡ್ಡ ಸಂಸ್ಥೆಗಳ ಪಾಲಾದಾಗಲೂ ಬೇಲಿಯ ಹೊರಗೆ ನಿಂತವರು ಕುರಿಗಾಹಿಗಳೇ. ಗುಡ್ಡದ ಮೇಲೂ ಹಾಗೆ: ಕಂಬಕ್ಕೆ ಬೇಕಾದ ಜಾಗ ಚಿಕ್ಕದು, ಅಲ್ಲಿಗೆ ಕೊರೆದ ರಸ್ತೆ ದೊಡ್ಡದು, ಮಳೆಗೆ ಆ ರಸ್ತೆಯ ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಚಾಳ್ಕೇವಾಡಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ವಿಷಯ ಹೀಗಿದೆ: ಗಾಳಿಯಂತ್ರಗಳಿರುವ ಕಡೆ ಹದ್ದು ಗಿಡುಗಗಳು ಬೇರೆ ಕಡೆಗಿಂತ ನಾಲ್ಕನೇ ಒಂದು ಭಾಗದಷ್ಟೇ, ಹಿಡಿಯುವವರಿಲ್ಲದೆ ಓತಿಕ್ಯಾತಗಳ ಸಂಖ್ಯೆ ಏರಿ, ಅವುಗಳ ನಡವಳಿಕೆಯೇ ಬದಲಾಗಿತ್ತು. ಜೋಗಿಮಟ್ಟಿ 2015ರಿಂದ ವನ್ಯಧಾಮ. ಅದರ ಸುತ್ತಲಿನ ಹಳೆಯ ಸಣ್ಣ ಯಂತ್ರಗಳ ಆಯುಷ್ಯ ಮುಗಿಯುತ್ತ ಬಂದಂತೆ, ಅವನ್ನು ತೆಗೆದು ಕಡಿಮೆ ಸಂಖ್ಯೆಯ ದೊಡ್ಡ ಯಂತ್ರ ನಿಲ್ಲಿಸಲು 2023ರ ಕೇಂದ್ರ ನೀತಿ ದಾರಿ ಮಾಡಿಕೊಟ್ಟಿದೆ. ಹಾಗೆ ತೆಗೆಯುವಾಗ ಬಿಟ್ಟ ಜಾಗವನ್ನು ಗುಡ್ಡಕ್ಕೆ ಮರಳಿಸುವುದು, ಹೊಸ ಯಂತ್ರದ ಆದಾಯದಲ್ಲಿ ಒಂದು ಪಾಲನ್ನು ಬುಡದ ಊರಿನ ಕೆರೆ, ಚೆಕ್ ಡ್ಯಾಂಗಳಿಗೆ ಕಟ್ಟಿಹಾಕುವುದು ಒಪ್ಪಂದದಲ್ಲೇ ಬರಬೇಕು. ಫ್ಯಾನಿನ ಬುಡದಲ್ಲಿ ನಿಂತ ರೈತನ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇದು.

ಇನ್ನು ಭದ್ರಾ ಮೇಲ್ದಂಡೆ. ದಶಕಗಳಿಂದ ಕಾದ ಯೋಜನೆ. ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ, ಅಲ್ಲಿಂದ ಒಟ್ಟು 29.90 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ನಮ್ಮ ಕಡೆಗೆ. ಪೂರ್ತಿ ಕೆಲಸ ಮುಗಿಯುವ ಮೊದಲೇ, 2019ರಲ್ಲಿ, ಆ ದಾರಿಯಿಂದ ಮಾರಿಕಣಿವೆಗೆ ನೀರು ಬಂದದ್ದನ್ನು ಹಿರಿಯೂರಿನವರು ಹೂವು ಹಾಕಿ ಬರಮಾಡಿಕೊಂಡರು. ಆದರೆ ಇದೂ ಪಂಪಿನ ನೀರೇ, ಗುಡ್ಡ ಹತ್ತಿ ಬರುವ ನೀರು. ಅದಕ್ಕೇ ಯೋಜನೆಯ ಕಾಗದದಲ್ಲಿ 2,25,515 ಹೆಕ್ಟೇರಿಗೂ ಹನಿ, ತುಂತುರು ನೀರಾವರಿ ಎಂದೇ ಬರೆದಿದ್ದಾರೆ; ನಾಲೆ ಒಡೆದು ಹಾಯಿಸುವ ನೀರಾವರಿಗೆ ಅದರಲ್ಲಿ ಲೆಕ್ಕವಿಲ್ಲ. ನಾಲೆಯ ಮೇಲ್ತುದಿಯ ಹಳ್ಳಿಗಳವರು ಪಾತಿ ತುಂಬಿಸಲು ಶುರು ಮಾಡಿದರೆ ಕೆಳತುದಿಗೆ ನೀರು ಮುಟ್ಟುವುದಿಲ್ಲ, ಕೆಳತುದಿಯವರ ಬೋರುಗಳು ಓಡುತ್ತಲೇ ಇರುತ್ತವೆ, ಎರಡು ಸಲ ಕರೆಂಟು ಸುಟ್ಟಂತಾಗುತ್ತದೆ. ಕಾಮಗಾರಿ ನಡೆದಿರುವ ಈ ವರ್ಷಗಳಲ್ಲೇ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಹಳ್ಳಿಗಳಲ್ಲಿ ನೀರು ಬಳಕೆದಾರರ ಸಂಘಗಳು ಏಳಬೇಕು. ಯಾವ ತೋಟಕ್ಕೆ ಯಾವ ವಾರ ಎಷ್ಟು ಎಂಬ ಪಾಳಿ ಈಗಲೇ ಗೊತ್ತಾಗಬೇಕು. ನಾಲೆಯ ಮೊದಲ ಹನಿ ಬರುವಾಗ ಡ್ರಿಪ್ಪಿನ ಪೈಪು, ಫಿಲ್ಟರು ತೋಟದಲ್ಲಿ ಹಾಸಿ ಸಿದ್ಧವಾಗಿರಬೇಕು.